ಹಳೆಯ ಬೈಕಿನ ಹಠಮಾರಿ ಕಾರ್ಬುರೇಟರ್: ಕಲಿಯುವವರಿಗೆ ಕೆಲವು ಟಿಪ್ಪಣಿಗಳು

ಮಳೆ ಮುಗಿದು ಕಾಫಿ ಕೊಯ್ಲು ಶುರುವಾಗುವುದರೊಳಗೆ, ಮಡಿಕೇರಿಯಲ್ಲಿ ನಾನು ಕೆಲಸ ಕಲಿಯುತ್ತಿರುವ ಗ್ಯಾರೇಜಿಗೆ ಒಂದೇ ಬಗೆಯ ಬೈಕ್‌ಗಳು ಬರುತ್ತವೆ. ಜೂನ್‌ನಿಂದ ಶೆಡ್ಡಿನಲ್ಲಿ ಟಾರ್ಪಾಲು ಹೊದ್ದು ನಿಂತಂಥವು, ಟ್ಯಾಂಕಿನಲ್ಲಿ ಅರ್ಧ ಪೆಟ್ರೋಲ್ ಉಳಿದಂಥವು. ಹೆಚ್ಚಿನವು ಕಾರ್ಬುರೇಟರನ್ನು, ಅಂದರೆ ಗಾಳಿಗೆ ಪೆಟ್ರೋಲ್ ಬೆರೆಸಿ ಎಂಜಿನ್ನಿಗೆ ಕಳಿಸುವ ಭಾಗವನ್ನು, ಒಂದು ಬಾರಿ ತೊಳೆದರೆ ಸರಿಹೋಗುತ್ತವೆ. ಮೂರು ಬಾರಿ ತೊಳೆದರೂ ಸರಿಹೋಗದ ಒಂದು ಬೈಕಿನಿಂದ ನಾನು ಕಲಿತದ್ದನ್ನು, ನನ್ನ ಹಾಗೆಯೇ ಕಲಿಯುತ್ತಿರುವವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಅದು ನಾಪೋಕ್ಲು ಕಡೆಯ ಬೆಳೆಗಾರರೊಬ್ಬರ ಬೈಕ್. 1990ರ ದಶಕದ್ದು, 100 ಸಿಸಿ, ನಾಲ್ಕು ಸ್ಟ್ರೋಕ್. ತಣ್ಣಗಿದ್ದಾಗ ಎರಡನೇ ಕಿಕ್ಕಿಗೆ ಎದ್ದುಬಿಡುತ್ತಿತ್ತು. ಬಿಸಿಯಾದ ಮೇಲೆ ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ವೇಗ ಇಳಿಯದೆ ಮೇಲೆಯೇ ನಿಂತು, ತುಂಬ ಹೊತ್ತಿನ ನಂತರ ಕೆಳಗೆ ಬರುತ್ತಿತ್ತು. ಏರಿನಲ್ಲಿ ಅರ್ಧ ಆಕ್ಸಿಲರೇಟರ್ ಕೊಟ್ಟರೆ ಉಸಿರು ಕಟ್ಟಿದಂತೆ ಮುಗ್ಗರಿಸುತ್ತಿತ್ತು. ಪ್ಲಗ್ ಬಿಚ್ಚಿದರೆ ಮಸಿಯಂತೆ ಕಪ್ಪು. ರಾತ್ರಿ ನಿಲ್ಲಿಸಿದರೆ ಬೆಳಗ್ಗೆ ಕೆಳಗೆ ಪೆಟ್ರೋಲ್ ಹನಿ.

ಈ ನಾಲ್ಕು ಲಕ್ಷಣಗಳನ್ನು ಪಕ್ಕಪಕ್ಕದಲ್ಲಿ ಬರೆದುಕೊಂಡಾಗಲೇ ನನಗೆ ದಾರಿ ಕಂಡದ್ದು. ಗಾಳಿಗೆ ಹೋಲಿಸಿದರೆ ಪೆಟ್ರೋಲ್ ಕಡಿಮೆಯಾದರೆ ಲೀನ್, ಹೆಚ್ಚಾದರೆ ರಿಚ್ ಎನ್ನುತ್ತೇವೆ. ವೇಗ ಇಳಿಯದೆ ನಿಲ್ಲುವುದು ಲೀನ್ ಆಗಿರುವ ಲಕ್ಷಣ. ಕಪ್ಪು ಪ್ಲಗ್ ರಿಚ್ ಆಗಿರುವ ಲಕ್ಷಣ. ಒಂದೇ ದೋಷದಿಂದ ಎರಡೂ ಬರುವುದಿಲ್ಲ. ಹಾಗಾದರೆ ಅಲ್ಲಿರುವುದು ಒಂದು ದೊಡ್ಡ ದೋಷವಲ್ಲ, ಒಂದರ ಮೇಲೊಂದು ಕೂತ ಎರಡು ಮೂರು ಸಣ್ಣ ದೋಷಗಳು. ಹಠಮಾರಿ ಎನಿಸಿಕೊಂಡ ಕಾರ್ಬುರೇಟರ್‌ಗಳಲ್ಲಿ ನಾನು ಮತ್ತೆ ಮತ್ತೆ ಕಂಡದ್ದು ಇದನ್ನೇ: ಮೊದಲ ದೋಷವನ್ನು ಹುಡುಕದೆ ಯಾರೋ ಸ್ಕ್ರೂ ತಿರುಗಿಸಿ ಅದನ್ನು ಮುಚ್ಚಿರುತ್ತಾರೆ, ಆ ಮುಚ್ಚಿಗೆಯೇ ಎರಡನೆಯ ದೋಷವಾಗಿರುತ್ತದೆ.

ಯಾವ ತೆರಪಿನಲ್ಲಿ ತೊಂದರೆ?

ಕಾರ್ಬುರೇಟರ್ ಒಂದೇ ಯಂತ್ರದಂತೆ ಕಂಡರೂ ಒಳಗೆ ಸರದಿಯ ಮೇಲೆ ಕೆಲಸ ಮಾಡುವ ಬೇರೆ ಬೇರೆ ದಾರಿಗಳಿವೆ. ಆಕ್ಸಿಲರೇಟರ್ ಮುಚ್ಚಿದ್ದಾಗಿನಿಂದ ಎಂಟನೇ ಒಂದು ಭಾಗ ತೆರೆಯುವವರೆಗೆ ಸ್ಲೋ ಜೆಟ್ (ಜೆಟ್ ಎಂದರೆ ಪೆಟ್ರೋಲನ್ನು ಅಳೆದು ಬಿಡುವ ಸಣ್ಣ ತೂತಿನ ತುಂಡು) ಮತ್ತು ಮಿಶ್ರಣ ಹೊಂದಿಸುವ ಮಿಕ್ಸ್ಚರ್ ಸ್ಕ್ರೂಗಳದ್ದೇ ಕಾರುಬಾರು. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ, ಅಂದರೆ ಆಕ್ಸಿಲರೇಟರ್ ತಿರುಗಿಸಿದಂತೆ ಮೇಲೇರಿ ಗಾಳಿಯ ದಾರಿ ತೆರೆಯುವ ತುಂಡಿನ, ಅಡಿಯಲ್ಲಿ ಓರೆಯಾಗಿ ಕತ್ತರಿಸಿದ ಅಂಚು ಮುಖ್ಯ. ಕಾಲರಿಂದ ಮುಕ್ಕಾಲರವರೆಗೆ ಸ್ಲೈಡಿನ ಸೂಜಿ ಮತ್ತು ಅದು ಇಳಿಯುವ ಕೊಳವೆ. ಆಮೇಲೆ ಮೇನ್ ಜೆಟ್. ಗಡಿಗಳು ಒಂದರೊಳಗೊಂದು ಬೆರೆತಿರುತ್ತವೆ, ಆದರೂ ಮೊದಲ ವಿಚಾರಣೆಗೆ ಇಷ್ಟು ಸಾಕು.

ಆಕ್ಸಿಲರೇಟರ್ ಹಿಡಿಯ ಮೇಲೆ ಒಂದು ತುಂಡು ಟೇಪ್, ಪಕ್ಕದ ಸ್ವಿಚ್ ಪೆಟ್ಟಿಗೆಯ ಮೇಲೆ ಕಾಲು, ಅರ್ಧ, ಮುಕ್ಕಾಲು ಎಂದು ಗೆರೆ ಹಾಕಿ ಓಡಿಸಿ ನೋಡಿ. ಎಷ್ಟು ವೇಗದಲ್ಲಿ ಮುಗ್ಗರಿಸುತ್ತದೆ ಎಂಬುದಕ್ಕಿಂತ ಎಷ್ಟು ತೆರೆದಾಗ ಮುಗ್ಗರಿಸುತ್ತದೆ ಎಂಬುದು ಮುಖ್ಯ. ಗ್ಯಾರೇಜಿನ ಮುಂದೆ ನಿಲ್ಲಿಸಿ ರೇಸ್ ಮಾಡಿದರೆ ಇದು ಗೊತ್ತಾಗುವುದಿಲ್ಲ, ಎಂಜಿನ್ ಮೇಲೆ ಭಾರ ಬೀಳಬೇಕು. ಆ ವಿಷಯದಲ್ಲಿ ಕೊಡಗಿನಲ್ಲಿ ಕಲಿಯುವವರು ಅದೃಷ್ಟವಂತರು, ಯಾವ ಕಡೆ ಹೊರಟರೂ ಏರು ಸಿಗುತ್ತದೆ.

ನಮ್ಮ ಬೈಕಿನಲ್ಲಿ ಲೀನ್ ಲಕ್ಷಣ ಮುಚ್ಚಿದ ಸ್ಥಿತಿಯಲ್ಲಿ, ರಿಚ್ ಲಕ್ಷಣ ಅರ್ಧದಲ್ಲಿ. ಎರಡು ದಾರಿಗಳು, ಎರಡು ದೋಷಗಳು.

ಬಿಚ್ಚುವ ಮೊದಲು ಎಣಿಸಿ

ನಮ್ಮ ಮೇಸ್ತ್ರಿ ನನ್ನ ಕೈಗೆ ಸ್ಕ್ರೂಡ್ರೈವರ್ ಕೊಡುವಾಗ ಹೇಳಿದ್ದು ಒಂದೇ ಮಾತು: "ಹೊರಗೆ ತೆಗೆಯುವ ಮೊದಲು ಒಳಗೆ ತಿರುಗಿಸಿ ಸುತ್ತು ಎಣಿಸು." ಮಿಕ್ಸ್ಚರ್ ಸ್ಕ್ರೂವನ್ನು ಮೆಲ್ಲಗೆ ತಳ ಮುಟ್ಟುವವರೆಗೆ ಒಳಗೆ ತಿರುಗಿಸಿ, ಎಷ್ಟು ಸುತ್ತಾಯಿತೆಂದು ಬರೆದಿಡಬೇಕು. ಬಿಗಿದರೆ ಚೂಪು ತುದಿ ಹಾಳಾಗುತ್ತದೆ. ಬಹಳಷ್ಟು ಬೈಕ್‌ಗಳಲ್ಲಿ ಒಂದೂವರೆಯಿಂದ ಎರಡು ಸುತ್ತಿನ ಆಸುಪಾಸಿನಲ್ಲಿರುತ್ತದೆ, ನಿಖರವಾದ ಲೆಕ್ಕ ಆಯಾ ಬೈಕಿನ ಕೈಪಿಡಿಯಲ್ಲಿದೆ. ನಮ್ಮದು ನಾಲ್ಕು ಸುತ್ತು ಹೊರಗಿತ್ತು. ಅಂದರೆ ಯಾರೋ ಲೀನ್ ದೋಷದ ಜೊತೆ ಗುದ್ದಾಡಿದ್ದಾರೆ.

ಇಲ್ಲಿ ಒಂದು ಎಚ್ಚರ. ಸ್ಕ್ರೂ ಏರ್ ಫಿಲ್ಟರ್ ಕಡೆ ಇದ್ದರೆ ಸಾಮಾನ್ಯವಾಗಿ ಅದು ಗಾಳಿಯನ್ನು ಅಳೆಯುತ್ತದೆ. ಹೊರಗೆ ತಿರುಗಿಸಿದರೆ ಲೀನ್. ಎಂಜಿನ್ ಕಡೆ ಇದ್ದರೆ ಪೆಟ್ರೋಲ್ ಮಿಶ್ರಣವನ್ನು ಅಳೆಯುತ್ತದೆ; ಹೊರಗೆ ತಿರುಗಿಸಿದರೆ ರಿಚ್. ಇದನ್ನು ತಿಳಿಯದೆ ತಿರುಗಿಸುವುದು ಕತ್ತಲೆಯಲ್ಲಿ ಕೈ ಹಾಕಿದಂತೆ. ನಮ್ಮದು ಎಂಜಿನ್ ಕಡೆಯದು.

ಸ್ಲೈಡ್ ತೆಗೆದು ನೋಡಿದರೆ ಸೂಜಿಯ ಕ್ಲಿಪ್ ಕಟ್ಟಕಡೆಯ ಗೀರಿನಲ್ಲಿತ್ತು. ಕ್ಲಿಪ್ ಕೆಳಗಿಳಿದಷ್ಟೂ ಸೂಜಿ ಮೇಲೇಳುತ್ತದೆ, ಪೆಟ್ರೋಲ್ ಹೆಚ್ಚು ಬರುತ್ತದೆ. ಅರ್ಧ ಆಕ್ಸಿಲರೇಟರಿನ ಮುಗ್ಗರಿಕೆಗೂ ಕಪ್ಪು ಪ್ಲಗ್ಗಿಗೂ ಕಾರಣ ಸಿಕ್ಕಿತು. ಹಾಗೆಂದು ಕ್ಲಿಪ್ ಸರಿಮಾಡಿ ಬೈಕ್ ಕೊಟ್ಟುಬಿಟ್ಟಿದ್ದರೆ ಮೂಲ ದೋಷ ಹಾಗೆಯೇ ಉಳಿಯುತ್ತಿತ್ತು.

ಕಳ್ಳಗಾಳಿ

ಮೂಲ ದೋಷ ಕಾರ್ಬುರೇಟರ್ ಎಂಜಿನ್ನಿಗೆ ಕೂರುವ ಜಾಗದಲ್ಲಿತ್ತು. ಎರಡು ಬೋಲ್ಟ್‌ಗಳ ಚಪ್ಪಟೆ ಮುಖ. ವರ್ಷಗಟ್ಟಲೆ ಬಲ ಹಾಕಿ ಬಿಗಿದಾಗ ಎರಡು ತುದಿಗಳು ಎಂಜಿನ್ ಕಡೆಗೆ ಬಾಗಿ, ಆ ಮುಖ ಬಿಲ್ಲಿನಂತಾಗುತ್ತದೆ. ಸ್ಟೀಲ್ ಸ್ಕೇಲಿನ ಅಂಚನ್ನು ಅದರ ಮೇಲಿಟ್ಟು ಬೆಳಕಿಗೆ ಹಿಡಿದಾಗ ಸಂದಿನಲ್ಲಿ ಬೆಳಕು ಕಂಡಿತು. ಆ ಸಂದಿನಿಂದ ಅಳತೆಗೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಎಂಜಿನ್ನಿನ ಎಳೆತ ಆಕ್ಸಿಲರೇಟರ್ ಮುಚ್ಚಿದ್ದಾಗಲೇ ಅತಿ ಹೆಚ್ಚು, ಆದ್ದರಿಂದ ಸೋರಿಕೆಯ ಪರಿಣಾಮ ಕಾಣುವುದೂ ಆಗಲೇ. ಬಿಸಿಗೆ ಸಂದು ಇನ್ನಷ್ಟು ತೆರೆಯುವುದರಿಂದ ತಣ್ಣಗಿದ್ದಾಗ ಬೈಕ್ ಸುಮ್ಮನಿತ್ತು.

ಬಿಚ್ಚದೆ ಪರೀಕ್ಷಿಸಲು ಎಂಜಿನ್ ಓಡುತ್ತಿರುವಾಗ ಆ ಸಂದಿಗೆ ಸ್ವಲ್ಪ ನೀರು ಚಿಮುಕಿಸಿ. ಸದ್ದು ಬದಲಾದರೆ ಸೋರಿಕೆ ಇದೆ. ಕ್ಲೀನರ್ ಸ್ಪ್ರೇ ಹೊಡೆದು ನೋಡುವವರಿದ್ದಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ ಅದು ಬೆಂಕಿಗೆ ಆಹ್ವಾನ. ನಾನು ಮಾಡುವುದಿಲ್ಲ, ನೀವೂ ಮಾಡಬೇಡಿ.

ಸರಿಪಡಿಸಲು ದಪ್ಪ ಗಾಜಿನ ಮೇಲೆ 400 ನಂಬರಿನ ಎಮರಿ ಕಾಗದ ಹಾಸಿ, ನೀರು ಹಚ್ಚಿ, ಮುಖವನ್ನು ಕನ್ನಡದ ಎಂಟರಂತಲ್ಲ, ಇಂಗ್ಲಿಷಿನ ಎಂಟರಂತೆ ತಿರುಗಿಸುತ್ತ ತಿಕ್ಕಬೇಕು. ಇಡೀ ಮುಖ ಒಂದೇ ಹೊಳಪಿಗೆ ಬಂದಾಗ ನಿಲ್ಲಿಸಿ. ಹೊಸ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಹಾಕಿ, ಎರಡೂ ಬೋಲ್ಟ್‌ಗಳನ್ನು ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ಬಿಗಿಯಿರಿ. ಈ ಕೆಲಸಕ್ಕೆ ನನಗೆ ಒಂದು ಗಂಟೆ ಹಿಡಿಯಿತು. ಹಿಂದಿನ ಮೂರು ಬಾರಿಯೂ ತೊಳೆದದ್ದು ಒಳಗನ್ನು, ದೋಷ ಇದ್ದದ್ದು ಹೊರಗೆ.

ಹನಿ ಮತ್ತು ಸ್ಲೋ ಜೆಟ್

ಕಾರ್ಬುರೇಟರಿನ ತಳದ ಬೌಲಿನಲ್ಲಿ ಪೆಟ್ರೋಲ್ ತುಂಬಿದಾಗ, ಅದರ ಮೇಲೆ ತೇಲುವ ಫ್ಲೋಟ್ ಇನ್ನೊಂದು ಸೂಜಿಯನ್ನು ಎತ್ತಿ ಪೆಟ್ರೋಲ್ ಬರುವ ದಾರಿ ಮುಚ್ಚುತ್ತದೆ. ರಾತ್ರಿಯ ಹನಿಗೆ ಆ ಸೂಜಿ ಕಾರಣ. ಅದರ ರಬ್ಬರ್ ತುದಿಯ ಸುತ್ತ ಉಗುರಿಗೆ ತಾಗುವ ಒಂದು ಉಂಗುರದ ಗೀರು ಬಿದ್ದಿದ್ದರೆ ಬದಲಿಸಿ, ಉಜ್ಜಿ ಸರಿಮಾಡಲು ಹೋಗಬೇಡಿ. ಫ್ಲೋಟ್ ಅನ್ನು ಕಿವಿಯ ಬಳಿ ಅಲ್ಲಾಡಿಸಿ. ಒಳಗೆ ಪೆಟ್ರೋಲ್ ಕುಲುಕಿದರೆ ಅದು ತೂತಾಗಿದೆ. ಎತ್ತರ ಅಳೆಯುವಾಗ ಫ್ಲೋಟಿನ ನಾಲಗೆ ಸೂಜಿಯ ಸ್ಪ್ರಿಂಗ್ ಪಿನ್ನನ್ನು ಮುಟ್ಟಿರಬೇಕು, ಒತ್ತಿರಬಾರದು. ಬೌಲಿನಲ್ಲಿ ಪೆಟ್ರೋಲ್ ಮಟ್ಟ ಏರಿದ್ದರೆ ಎಲ್ಲ ತೆರಪುಗಳಲ್ಲೂ ಬೈಕ್ ರಿಚ್ ಆಗುತ್ತದೆ, ಆದ್ದರಿಂದ ಜೆಟ್‌ಗಳ ಬಗ್ಗೆ ತೀರ್ಪು ಕೊಡುವ ಮೊದಲೇ ಇದನ್ನು ಮುಗಿಸಿ.

ಸ್ಲೋ ಜೆಟ್ಟಿನ ತೂತು ಅರ್ಧ ಮಿಲಿಮೀಟರಿಗಿಂತಲೂ ಸಣ್ಣದು. ತಂತಿ ಹಾಕಿದರೆ ತೂತು ದೊಡ್ಡದಾಗಿ ಜೆಟ್ಟೇ ಹೋಯಿತು. ಕ್ಲೀನರಿನಲ್ಲಿ ನೆನೆಸಿ, ಗಾಳಿ ಹೊಡೆದು, ಆಕಾಶದ ಕಡೆ ಹಿಡಿದು ನೋಡಿ. ದುಂಡಗಿನ ಚುಕ್ಕೆ ಕಾಣಬೇಕು. ಇನ್ನು ಬಹಳ ಜನ ಮರೆಯುವುದು ಮಿಕ್ಸ್ಚರ್ ಸ್ಕ್ರೂವಿನ ತುದಿಯ ಪುಟ್ಟ ಓ-ರಿಂಗ್. ಸ್ಕ್ರೂ ಹೊರಗೆ ಬಂದರೂ ಅದು ಒಳಗೇ ಅಂಟಿ ಕೂತು ದಾರಿ ಮುಚ್ಚಿರುತ್ತದೆ. ಸ್ಕ್ರೂ ತೂತಿನಿಂದ ಸ್ಪ್ರೇ ಹೊಡೆದಾಗ ಸ್ಲೈಡಿನ ಬುಡದ ಸೂಕ್ಷ್ಮ ತೂತುಗಳೆಲ್ಲದರಿಂದಲೂ ಹೊರಬರಬೇಕು. ಕಣ್ಣಿಗೆ ಕನ್ನಡಕ ಇರಲಿ, ಅದು ನೇರ ಮುಖಕ್ಕೇ ಚಿಮ್ಮುತ್ತದೆ.

ಮಡಿಕೇರಿಯ ಎತ್ತರದ ಮೇಲೆ ಹೊರಿಸಬೇಡಿ

"ಇದು ಘಟ್ಟದ ಗಾಳಿ, ಜೆಟ್ ಬದಲಿಸಬೇಕು" ಎಂಬ ಮಾತು ಇಲ್ಲಿ ಪದೇ ಪದೇ ಕೇಳಿಬರುತ್ತದೆ. ಲೆಕ್ಕ ಹಾಕೋಣ. ಮಡಿಕೇರಿ ಸಮುದ್ರ ಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಸಾಂದ್ರತೆ ಸುಮಾರು ಶೇ 10ರಷ್ಟು ಕಡಿಮೆ. ಆದರೆ ಗಾಳಿ ತೆಳುವಾದಾಗ ಅದು ಪೆಟ್ರೋಲನ್ನು ಎಳೆಯುವ ಬಲವೂ ಕುಗ್ಗುತ್ತದೆ. ಹೀಗಾಗಿ ಮಿಶ್ರಣ ರಿಚ್ ಆಗುವುದು ಸಾಂದ್ರತೆಯ ವರ್ಗಮೂಲದ ಲೆಕ್ಕದಲ್ಲಿ, ಅಂದರೆ ಶೇ 5ರಷ್ಟು ಮಾತ್ರ. ಇನ್ನೊಂದು ಕಡೆ, 2023ರಿಂದ ಬಂಕ್‌ಗಳಿಗೆ ಬರತೊಡಗಿದ ಶೇ 20 ಎಥೆನಾಲ್ ಬೆರೆತ ಪೆಟ್ರೋಲ್ ಇದೆ. ಬರಿಯ ಪೆಟ್ರೋಲ್ ಒಂದು ಪಾಲು ಉರಿಯಲು ತೂಕದಲ್ಲಿ 14.7 ಪಾಲು ಗಾಳಿ ಬೇಕಾದರೆ, ಇದಕ್ಕೆ ಸುಮಾರು 13.5 ಸಾಕು. ಹಳೆಯ ಜೆಟ್ಟಿಗೆ ಈ ಪೆಟ್ರೋಲ್ ಹಾಕಿದರೆ ಬೈಕ್ ಲೀನ್ ಆಗುತ್ತದೆ. ಎತ್ತರ ಒಂದು ಕಡೆ ಎಳೆದರೆ ಎಥೆನಾಲ್ ಇನ್ನೊಂದು ಕಡೆ ಎಳೆಯುತ್ತದೆ. ನಮ್ಮ ಊರಿನಲ್ಲಿ ಅವು ಬಹುಮಟ್ಟಿಗೆ ಒಂದನ್ನೊಂದು ಸರಿದೂಗಿಸುತ್ತವೆ. ಕಂಪನಿ ಕೊಟ್ಟ ಜೆಟ್ಟನ್ನೇ ಇಟ್ಟುಕೊಂಡು ದೋಷ ಹುಡುಕುವುದು ಲೇಸು ಎಂದು ನಾನು ನಂಬಿರುವುದು ಇದಕ್ಕೇ.

ಎಥೆನಾಲಿನ ನಿಜವಾದ ಉಪದ್ರವ ಬೇರೆ. ಅದು ನೀರನ್ನು ಹೀರುತ್ತದೆ. ನಾಲ್ಕು ತಿಂಗಳ ಮಳೆಯ ತೇವದಲ್ಲಿ ನಿಂತ ಟ್ಯಾಂಕಿನಲ್ಲಿ ನೀರು ಮಿತಿಮೀರಿದರೆ, ನೀರು ಮತ್ತು ಎಥೆನಾಲ್ ಕೂಡಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಕಾರ್ಬುರೇಟರಿಗೆ ಮೊದಲು ಹೋಗುವುದೇ ಆ ತಳದ ದ್ರವ. ಬೌಲಿನ ಪೆಟ್ರೋಲನ್ನು ಗಾಜಿನ ಲೋಟಕ್ಕೆ ಇಳಿಸಿ ಐದು ನಿಮಿಷ ನೋಡಿ, ತಳದಲ್ಲಿ ಬೇರೆ ಪದರ ಕಂಡರೆ ಟ್ಯಾಂಕನ್ನೇ ಖಾಲಿ ಮಾಡಬೇಕು.

ಏರಿನಲ್ಲಿ ಸಾಯುವ ಬೈಕ್

ಸಂಪಾಜೆಯಿಂದ ಹತ್ತುವಾಗ ಕೆಲವು ಕಿಲೋಮೀಟರ್ ಚೆನ್ನಾಗಿ ಬಂದು ನಿಂತುಹೋಗುವುದು, ಹತ್ತು ನಿಮಿಷ ಬಿಟ್ಟರೆ ಮತ್ತೆ ಏಳುವುದು. ಇದಕ್ಕೂ ಕಾರ್ಬುರೇಟರ್ ಬಿಚ್ಚುತ್ತಾರೆ. ನಿಂತ ಜಾಗದಲ್ಲೇ ಟ್ಯಾಂಕಿನ ಮುಚ್ಚಳ ತೆರೆಯಿರಿ. ಗಾಳಿ ಎಳೆದುಕೊಂಡ ಸದ್ದು ಬಂದು ಬೈಕ್ ಎದ್ದರೆ ಮುಚ್ಚಳದ ಗಾಳಿತೂತು ಕಟ್ಟಿದೆ. ಹಾಗಲ್ಲದಿದ್ದರೆ ಪ್ಲಗ್ ಬಿಚ್ಚಿ: ಒಣಗಿದ್ದರೆ ಪೆಟ್ರೋಲ್ ಬರುತ್ತಿಲ್ಲ, ಟ್ಯಾಂಕಿನಡಿಯ ಪೆಟ್ರೋಲ್ ನಲ್ಲಿಯಾದ ಕಾಕ್‌ನ ಜಾಲರಿಯಲ್ಲಿ ತುಕ್ಕು ನೋಡಿ. ಒದ್ದೆಯಾಗಿದ್ದರೆ ಕಿಡಿ ಪರೀಕ್ಷಿಸಿ. ಬಿಸಿಯಾದಾಗ ಸೋಲುವ ಇಗ್ನಿಷನ್ ಕಾಯಿಲ್ ಕಾರ್ಬುರೇಟರ್ ದೋಷದಂತೆಯೇ ನಟಿಸುತ್ತದೆ. ಶೆಡ್ಡಿನಲ್ಲಿ ನಿಂತಿದ್ದ ಬೈಕಾದರೆ ಬೌಲಿನ ಗಾಳಿ ಪೈಪುಗಳನ್ನೂ ಊದಿ ನೋಡಿ. ಅವುಗಳ ಬಾಯಿಗೆ ಕಣಜದ ಹುಳು ಮಣ್ಣಿನ ಗೂಡು ಕಟ್ಟಿದ್ದನ್ನು ನಾನು ಎರಡು ಸಲ ಕಂಡಿದ್ದೇನೆ.

ನಾಪೋಕ್ಲುವಿನ ಬೈಕಿಗೆ ಮುಖ ತಿಕ್ಕಿ, ಫ್ಲೋಟಿನ ಸೂಜಿ ಬದಲಿಸಿ, ಕ್ಲಿಪ್ ನಡುವಿನ ಗೀರಿಗೆ, ಸ್ಕ್ರೂ ಕೈಪಿಡಿಯ ಲೆಕ್ಕಕ್ಕೆ ತಂದೆವು. ಒಂದೊಂದು ಬದಲಾವಣೆಯ ನಂತರವೂ ಓಡಿಸಿ ನೋಡಿ ಪುಸ್ತಕದಲ್ಲಿ ಬರೆದೆ. ಪ್ಲಗ್ ಈಗ ಕಂದು ಬಣ್ಣಕ್ಕೆ ಬಂದಿದೆ. ಮುಂದಿನ ಮೇ ಕೊನೆಯಲ್ಲಿ ಶೆಡ್ಡಿಗೆ ನಿಲ್ಲಿಸುವ ಮೊದಲು ಕಾಕ್ ಮುಚ್ಚಿ, ಬೌಲಿನ ತಳದ ಸ್ಕ್ರೂ ಸಡಿಲಿಸಿ ಪೆಟ್ರೋಲ್ ಪೂರ್ತಿ ಇಳಿಸಬೇಕೆಂದು ಅವರಿಗೆ ಕೈಯಾರೆ ಮಾಡಿ ತೋರಿಸಿ ಕಳುಹಿಸಿದೆವು.