ಪಾಠ ಬಂತು, ಪೀಠ ಬರಲಿಲ್ಲ: ಮೈಸೂರಿನಲ್ಲಿ ಪ್ರವಾಸೋದ್ಯಮ ಅಧ್ಯಾಪನದ ಹಿನ್ನೆಲೆ

ಕಾಲೇಜು ಶುರುವಾಗುವ ವಾರದಲ್ಲಿ ಪ್ರತಿ ವಿಭಾಗವೂ ಒಂದು ಹಾಳೆಯನ್ನು ಭರ್ತಿ ಮಾಡಿ ಪ್ರಾಂಶುಪಾಲರ ಕೊಠಡಿಗೆ ಕಳಿಸಬೇಕು. ಸರ್ಕಾರಿ ಭಾಷೆಯಲ್ಲಿ ಅದು ಕಾರ್ಯಭಾರದ ಪಟ್ಟಿ, ಸ್ಟಾಫ್ ರೂಮಿನ ಭಾಷೆಯಲ್ಲಿ ವರ್ಕ್‌ಲೋಡ್ ಶೀಟು. ಯಾವ ಸೆಮಿಸ್ಟರಿಗೆ ಯಾವ ಪತ್ರಿಕೆ, ವಾರಕ್ಕೆ ಎಷ್ಟು ಗಂಟೆ, ಪಾಠ ಮಾಡುವವರು ಯಾರು ಎಂದು ಅದರಲ್ಲಿ ಮೂರು ಕಲಮುಗಳು. ಮೈಸೂರಿನ ಒಂದು ಕಾಲೇಜಿನಲ್ಲಿ ನಾನು ಪ್ರವಾಸೋದ್ಯಮವನ್ನು ಪಾಠ ಮಾಡಿದ ಒಂಬತ್ತು ವರ್ಷಗಳಲ್ಲಿ ಮೂರನೆಯ ಕಲಮಿನಲ್ಲಿ ನನ್ನ ಹೆಸರು ಒಮ್ಮೆಯೂ ಬರಲಿಲ್ಲ. ಅಲ್ಲಿ ‘ಅತಿಥಿ–1’ ಎಂದಿರುತ್ತಿತ್ತು, ಅಂದರೆ ಕಾಯಂ ಅಲ್ಲದ ಅತಿಥಿ ಉಪನ್ಯಾಸಕ. ಆತಿಥ್ಯದ ಪಾಠ ಹೇಳುವವರಿಗೆ ಇದಕ್ಕಿಂತ ಒಪ್ಪುವ ಹೆಸರು ಯಾವುದಿದೆ ಎಂದು ಇತಿಹಾಸ ವಿಭಾಗದ ಹಿರಿಯರೊಬ್ಬರು ತಮಾಷೆ ಮಾಡುತ್ತಿದ್ದರು. ನಾನು ಕೂರುತ್ತಿದ್ದ ಕುರ್ಚಿ ಅವರ ವಿಭಾಗದ್ದೇ ಆಗಿದ್ದರಿಂದ ನಾನೂ ನಗುತ್ತಿದ್ದೆ.

ದಸರೆ, ಅರಮನೆ, ಮೃಗಾಲಯ, ಬೃಂದಾವನ ಎಂದು ಪ್ರವಾಸಿಗಳಿಂದಲೇ ಅರ್ಧ ಊರು ಹೊಟ್ಟೆ ಹೊರೆಯುವ ನಗರದಲ್ಲಿ ಪ್ರವಾಸದ ಅಧ್ಯಾಪಕನಿಗೆ ಸ್ವಂತ ಕುರ್ಚಿ ಇಲ್ಲ ಎಂಬುದನ್ನು ಸರ್ಕಾರದ ಜಿಪುಣತನ ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬಹುದು. ಜಿಪುಣತನ ಇರುವುದು ನಿಜವೇ. ಆದರೆ ಈ ವಿಷಯ ವಿಶ್ವವಿದ್ಯಾಲಯದೊಳಗೆ ಯಾವ ಬಾಗಿಲಿನಿಂದ ಬಂತು, ಬರುವಾಗ ಏನನ್ನು ಹೊರಗೆ ಬಿಟ್ಟು ಬಂತು ಎಂದು ನೋಡಿದರೆ, ಇಂದಿನ ಇಕ್ಕಟ್ಟು ಅದರ ಹುಟ್ಟಿನೊಂದಿಗೇ ಬಂದದ್ದು ಎಂಬುದು ಕಾಣುತ್ತದೆ.

ಪಶ್ಚಿಮದ ವಿಶ್ವವಿದ್ಯಾಲಯಗಳಲ್ಲಿ ಮನರಂಜನೆ, ಬಿಡುವು, ಪ್ರವಾಸ ಈ ಮೂರನ್ನೂ ಒಂದೇ ವಿಭಾಗದ ಸೂರಿನಡಿ ಇಟ್ಟಿರುವುದು ಸಾಮಾನ್ಯ. ಅದರ ಬೇರು ಹೋಟೆಲಿನಲ್ಲಿಲ್ಲ, ಆಟದ ಬಯಲಿನಲ್ಲಿದೆ. ಕೈಗಾರಿಕಾ ನಗರಗಳ ಮಕ್ಕಳಿಗೆ ಆಡಲು ಜಾಗವಿಲ್ಲ ಎಂಬ ಕಳವಳದಿಂದ ಅಮೆರಿಕದಲ್ಲಿ 1906ರಲ್ಲಿ ಆಟದ ಮೈದಾನಗಳ ಸಂಘವೊಂದು ಹುಟ್ಟಿತು. ಉದ್ಯಾನ, ಮೈದಾನ, ಶಿಬಿರಗಳನ್ನು ನಡೆಸಲು ತರಬೇತಾದ ಜನ ಬೇಕಾದರು. ಅವರಿಗೆ ಪಾಠ ಹೇಳುವವರು ಬೇಕಾದರು. ಪ್ರವಾಸ ಈ ಮನೆಗೆ ಕೊನೆಯಲ್ಲಿ ಬಂದ ಸದಸ್ಯ. ಜೆಟ್ ವಿಮಾನಗಳು ಸಾಮಾನ್ಯರನ್ನೂ ದೂರದೇಶಕ್ಕೆ ಒಯ್ಯತೊಡಗಿದ ಮೇಲೆ, 1973ರಲ್ಲಿ ಜಾಫರ್ ಜಾಫರಿ ಪ್ರವಾಸದ ಸಂಶೋಧನೆಗೆಂದೇ ಒಂದು ನಿಯತಕಾಲಿಕವನ್ನು ಆರಂಭಿಸಿದರು. ಹೋಟೆಲ್ ಆಡಳಿತ ಓದಿ, ಆಮೇಲೆ ಮಾನವಶಾಸ್ತ್ರದಲ್ಲಿ ಡಾಕ್ಟರೇಟ್ ಪಡೆದ ಮನುಷ್ಯ ಅವರು. ಈ ವಿಷಯದ ಎರಡು ಮುಖಗಳೂ ಅವರ ಓದಿನಲ್ಲೇ ಇದ್ದವು. ಇಷ್ಟಾದರೂ ಇದು ಸ್ವತಂತ್ರ ಶಾಸ್ತ್ರವೇ, ಹಲವು ಶಾಸ್ತ್ರಗಳು ಕೂಡುವ ಜಾಗವೇ ಎಂಬ ಜಗಳ ಅಲ್ಲಿಯೂ ತೀರಿಲ್ಲ. ಇದೊಂದು ಶಿಸ್ತೇ ಅಲ್ಲ ಎಂದು 1997ರಲ್ಲಿ ಜಾನ್ ಟ್ರೈಬ್ ವಾದಿಸಿದ್ದನ್ನು ಇಂದಿಗೂ ಪ್ರವಾಸೋದ್ಯಮದ ಸ್ನಾತಕೋತ್ತರ ಕೋರ್ಸಾದ ಎಂ.ಟಿ.ಎ. ತರಗತಿಗಳಲ್ಲಿ ಚರ್ಚಿಸಬಹುದು. ವ್ಯತ್ಯಾಸವೆಂದರೆ ಅಲ್ಲಿ ಆ ವಾದವನ್ನು ಕಾಯಂ ಪ್ರಾಧ್ಯಾಪಕರು ನಡೆಸುತ್ತಾರೆ.

ಭಾರತಕ್ಕೆ ಬಂದರೆ ಮೊದಲ ಹೆಜ್ಜೆಯೇ ಕುತೂಹಲಕರ. 1945ರಲ್ಲಿ ದೇಶದಲ್ಲಿ ಪ್ರವಾಸಿಗಳ ಸಂಚಾರವನ್ನು ಬೆಳೆಸುವ ಬಗೆ ಹೇಗೆಂದು ವರದಿ ಕೊಡಲು ನೇಮಕವಾದ ಸಮಿತಿಯ ಅಧ್ಯಕ್ಷರು ಸರ್ ಜಾನ್ ಸಾರ್ಜೆಂಟ್. ಅವರು ಭಾರತ ಸರ್ಕಾರದ ಶಿಕ್ಷಣ ಸಲಹೆಗಾರರಾಗಿದ್ದವರು. ಅಂದರೆ ಪ್ರವಾಸದ ಕಡತ ಮೊದಲು ಶಿಕ್ಷಣದವರ ಮೇಜಿಗೇ ಬಂದಿತ್ತು. ಆಮೇಲೆ ಅದು ಸಾರಿಗೆ ಸಚಿವಾಲಯಕ್ಕೆ ಹೋಯಿತು; 1958ರಲ್ಲಿ ಪ್ರತ್ಯೇಕ ಪ್ರವಾಸೋದ್ಯಮ ಇಲಾಖೆಯಾಯಿತು; 1966ರಲ್ಲಿ ಕೇಂದ್ರದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ, 1971ರಲ್ಲಿ ಕರ್ನಾಟಕದ ನಿಗಮ ಹುಟ್ಟಿದವು. 1982ರಲ್ಲಿ ಮೊದಲ ರಾಷ್ಟ್ರೀಯ ನೀತಿ ಬಂತು, ಮರುವರ್ಷ ಉದ್ಯಮಕ್ಕೆ ಬೇಕಾದ ಜನರನ್ನು ತಯಾರು ಮಾಡಲು ಭಾರತೀಯ ಪ್ರವಾಸೋದ್ಯಮ ಮತ್ತು ಪ್ರಯಾಣ ನಿರ್ವಹಣಾ ಸಂಸ್ಥೆ ಆರಂಭವಾಯಿತು. ಈ ಸರಣಿಯಲ್ಲಿ ವಿಶ್ವವಿದ್ಯಾಲಯದ ಹೆಸರು ಎಲ್ಲೂ ಮುಖ್ಯವಾಗಿ ಬರುವುದಿಲ್ಲ. ವಿದೇಶಿ ವಿನಿಮಯ ಬೇಕಿತ್ತು, ಅದಕ್ಕೆ ಹೋಟೆಲು ಬೇಕಿತ್ತು, ಹೋಟೆಲಿಗೆ ಕೆಲಸಗಾರರು ಬೇಕಿದ್ದರು. ನಮ್ಮ ಭಾಷೆಯೂ ಇದಕ್ಕೆ ಸಾಕ್ಷಿ ಹೇಳುತ್ತದೆ: ಟೂರಿಸಂ ಎಂಬ ಪದದಲ್ಲಿ ಉದ್ಯಮ ಇಲ್ಲ, ಆದರೆ ಕನ್ನಡಕ್ಕೆ ಬರುವಾಗ ಅದು ಪ್ರವಾಸೋದ್ಯಮವೇ ಆಗಿ ಬಂತು. ಹೆಸರಿನಲ್ಲೇ ಉದ್ಯಮವಿರುವ ವಿಷಯವನ್ನು ಕಲಾ ವಿಭಾಗದ ಯಾವ ಕೋಣೆಯಲ್ಲಿ ಕೂರಿಸುವುದು?

ಉಳಿದ ಇಬ್ಬರು ಒಡಹುಟ್ಟಿದವರ ಗತಿಯನ್ನೂ ಹೇಳಬೇಕು. ಮನರಂಜನೆ ದೈಹಿಕ ಶಿಕ್ಷಣದವರ ಪಾಲಿಗೆ ಹೋಗಿ ಶಿಬಿರ, ಕವಾಯತು, ಗುಂಪು ಆಟಗಳ ನಡುವೆ ಸೇರಿಕೊಂಡಿತು. ಬಿಡುವು ಸಮಾಜಶಾಸ್ತ್ರದಲ್ಲಿ ಒಂದು ಅಧ್ಯಾಯವಾಗಿ ಉಳಿಯಿತು. ಅದಕ್ಕೆ ಕನ್ನಡದಲ್ಲಿ ಒಂದು ಗಟ್ಟಿ ಪಾರಿಭಾಷಿಕ ಪದವೂ ನಿಂತಿಲ್ಲ. ವಿರಾಮ ಎಂದರೆ ವಿದ್ಯಾರ್ಥಿಗೆ ಅಲ್ಪವಿರಾಮ, ಪೂರ್ಣವಿರಾಮ ನೆನಪಾಗುತ್ತದೆ, ಪುರುಸೊತ್ತು ಎಂಬ ಒಳ್ಳೆಯ ಪದವನ್ನು ನಾವು ಹೆಚ್ಚಾಗಿ ‘ಇಲ್ಲ’ ಎನ್ನುವುದಕ್ಕೇ ಬಳಸುತ್ತೇವೆ. ಮೈಸೂರಿನಲ್ಲಿ ಈ ಪಾಲುಪಟ್ಟಿ ಹೆಚ್ಚು ಖೇದಕರ, ಏಕೆಂದರೆ ಬಿಡುವನ್ನು ಸರ್ಕಾರವೇ ಯೋಜಿಸಿ ಕಟ್ಟಿಕೊಟ್ಟ ಊರು ಇದು. 1892ರಲ್ಲಿ ಮೃಗಾಲಯ ಬಂತು. ಕನ್ನಂಬಾಡಿ ಕಟ್ಟೆಯನ್ನು ಕಟ್ಟಿದ್ದು ಕಬ್ಬು, ಭತ್ತಕ್ಕಾಗಿ. ಆದರೆ ಅದರ ಬುಡದಲ್ಲಿ ಉದ್ಯಾನ ಬೇಕೆಂದು ಹಟ ಹಿಡಿದು ಮಾಡಿಸಿದವರು ದಿವಾನ್ ಮಿರ್ಜಾ ಇಸ್ಮಾಯಿಲ್. ಪಕ್ಷಿತಜ್ಞ ಸಲೀಂ ಅಲಿಯವರ ಮಾತಿಗೆ ಬೆಲೆಕೊಟ್ಟು 1940ರಲ್ಲಿ ರಂಗನತಿಟ್ಟನ್ನು ಪಕ್ಷಿಧಾಮ ಮಾಡಲಾಯಿತು. 1916ರಲ್ಲಿ ಸ್ಥಾಪನೆಯಾದ ಮೈಸೂರು ವಿಶ್ವವಿದ್ಯಾಲಯ ಇವೆಲ್ಲದರ ಪಕ್ಕದಲ್ಲೇ ಬೆಳೆದರೂ, ಸಂಜೆ ಜನ ಎಲ್ಲಿಗೆ ಹೋಗುತ್ತಾರೆ, ಏಕೆ ಹೋಗುತ್ತಾರೆ ಎಂಬುದು ಬಹುಕಾಲ ಇಲ್ಲಿ ಪಾಠದ ವಿಷಯವಾಗಲಿಲ್ಲ. ಆ ಕಾಲದ ಯಾವ ವಿಶ್ವವಿದ್ಯಾಲಯದಲ್ಲೂ ಬಹುಶಃ ಆಗುತ್ತಿರಲಿಲ್ಲವೆನ್ನಿ.

ಪದವಿ ಕಾಲೇಜುಗಳ ಬಾಗಿಲು ತೆರೆದದ್ದು 1994–95ರಲ್ಲಿ. ಬಿ.ಎ., ಬಿ.ಕಾಂ. ಓದಿದವರಿಗೆ ಕೆಲಸ ಸಿಗುತ್ತಿಲ್ಲ ಎಂಬ ದೂರಿಗೆ ಉತ್ತರವಾಗಿ ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮೊದಲ ಪದವಿಯ ವೃತ್ತಿಪರೀಕರಣ ಎಂಬ ಯೋಜನೆಯನ್ನು ತಂದಿತು. ಮೂರು ಐಚ್ಛಿಕ ವಿಷಯಗಳಲ್ಲಿ ಒಂದರ ಬದಲು ವೃತ್ತಿ ವಿಷಯವೊಂದನ್ನು ಓದಬಹುದು ಎಂಬುದು ಅದರ ತಿರುಳು. ಆ ವಿಷಯಗಳ ಪಟ್ಟಿಯಲ್ಲಿ ಪ್ರವಾಸ ಮತ್ತು ಪ್ರಯಾಣ ನಿರ್ವಹಣೆಯೂ ಇತ್ತು. ಪ್ರಯೋಗಾಲಯ ಬೇಡ, ದುಬಾರಿ ಯಂತ್ರ ಬೇಡ. ಒಂದು ಭೂಪಟ, ರೈಲ್ವೆ ವೇಳಾಪಟ್ಟಿ, ವರ್ಷಕ್ಕೊಂದು ಬಸ್ಸು ಇದ್ದರೆ ಸಾಕು ಎಂದು ಕಾಲೇಜುಗಳು ಲೆಕ್ಕ ಹಾಕಿದ್ದರಲ್ಲಿ ಆಶ್ಚರ್ಯವಿಲ್ಲ. ಪಾಠ ಯಾರದ್ದು? ದೇವಾಲಯ, ಕೋಟೆಗಳ ಭಾಗ ಇತಿಹಾಸದವರಿಗೆ, ಟಿಕೆಟ್ಟು ಮತ್ತು ಲೆಕ್ಕದ ಭಾಗ ವಾಣಿಜ್ಯದವರಿಗೆ, ಉಳಿದದ್ದು ಹೊರಗಿನಿಂದ ಗಂಟೆಯ ಲೆಕ್ಕದಲ್ಲಿ ಬಂದವರಿಗೆ. ಯೋಜನೆಯ ನೆರವು ನಿಗದಿತ ಅವಧಿಯದ್ದು. ಅವಧಿ ಮುಗಿದಾಗ ವಿಷಯ ಉಳಿಯಿತು, ಅದರ ಬೆನ್ನಿಗೆ ಇದ್ದ ಹಣ ಉಳಿಯಲಿಲ್ಲ.

ಇಲ್ಲಿಂದ ಮುಂದೆ ಆಟವಾಡುವುದು ಬರೀ ಅಂಕಗಣಿತ. ಯುಜಿಸಿ ನಿಯಮದ ಪ್ರಕಾರ ಸಹಾಯಕ ಪ್ರಾಧ್ಯಾಪಕರ ನೇರ ಬೋಧನಾ ಅವಧಿ ವಾರಕ್ಕೆ 16 ಗಂಟೆ. ಒಂದು ಕಾಲೇಜಿನಲ್ಲಿ ಪ್ರವಾಸೋದ್ಯಮ ಎರಡು ತರಗತಿಗಳಲ್ಲಿ ಒಂದೊಂದು ಪತ್ರಿಕೆಯಾಗಿದ್ದರೆ ಎಂಟೋ ಹತ್ತೋ ಗಂಟೆಯಾಗುತ್ತದೆ. ಹದಿನಾರಾಗದ ವಿಷಯಕ್ಕೆ ಹುದ್ದೆ ಕೇಳುವಂತಿಲ್ಲ. ಹುದ್ದೆ ಇಲ್ಲದ ವಿಷಯಕ್ಕೆ ಹೊಸ ಪತ್ರಿಕೆಗಳನ್ನು ಸೇರಿಸಿ ಎಂದು ಪಠ್ಯಕ್ರಮ ರೂಪಿಸುವ ಅಧ್ಯಯನ ಮಂಡಳಿಯಲ್ಲಿ ಕೂತು ವಾದಿಸುವವರಿಲ್ಲ. ಪತ್ರಿಕೆ ಸೇರದೆ ಗಂಟೆ ಹೆಚ್ಚುವುದಿಲ್ಲ. ಈ ಸುತ್ತಿನಿಂದ ಹೊರಬಂದ ಕಾಲೇಜುಗಳು ಕೆಲವು ಮಾತ್ರ. ಸ್ನಾತಕೋತ್ತರ ಕೋರ್ಸನ್ನು ಪೂರ್ಣವಾಗಿ ಆರಂಭಿಸಿದ ಕಡೆ ಅದು ಸಾಧ್ಯವಾಯಿತು.

ಅರ್ಹತೆಯ ನಿಯಮದಲ್ಲೂ ಒಂದು ಸಡಿಲವಿದೆ. ಅಧ್ಯಾಪಕರಾಗಲು ಬರೆಯುವ ರಾಷ್ಟ್ರೀಯ ಅರ್ಹತಾ ಪರೀಕ್ಷೆ ಎನ್‌ಇಟಿಯಲ್ಲಿ ಪ್ರವಾಸೋದ್ಯಮ ಆಡಳಿತ ಮತ್ತು ನಿರ್ವಹಣೆ ಎಂಬ ಪ್ರತ್ಯೇಕ ವಿಷಯವಿದೆ, ಅದರ ಸಂಕೇತ 93. ಆದರೆ 2018ರ ಯುಜಿಸಿ ನಿಯಮಾವಳಿ ‘ಸಂಬಂಧಿತ ಅಥವಾ ಪೂರಕ’ ವಿಷಯದ ಸ್ನಾತಕೋತ್ತರ ಪದವಿಯನ್ನೂ ಒಪ್ಪುವುದರಿಂದ, ಯಾವುದು ಪೂರಕ ಎಂಬ ತೀರ್ಮಾನ ಆಯ್ಕೆ ಮಾಡುವವರ ಕೈಯಲ್ಲಿ ಉಳಿಯುತ್ತದೆ. ಇತಿಹಾಸದವರು ಪ್ರವಾಸೋದ್ಯಮಕ್ಕೆ ಪೂರಕವಾಗುತ್ತಾರೆ. ಪ್ರವಾಸೋದ್ಯಮದವರು ಇತಿಹಾಸಕ್ಕೆ ಪೂರಕವಾದದ್ದನ್ನು ನಾನು ಕಂಡಿಲ್ಲ. ವಿಶ್ವವಿದ್ಯಾಲಯದ ಹುದ್ದೆಗೆ ಪಿಎಚ್.ಡಿ. ಕಡ್ಡಾಯ ಎಂದು ಅದೇ ನಿಯಮಾವಳಿ ಹೇಳಿತ್ತು, ಜಾರಿಯನ್ನು ಮುಂದೂಡಲಾಯಿತು, 2023ರ ಜುಲೈನಿಂದ ಎನ್‌ಇಟಿ ಅಥವಾ ರಾಜ್ಯದ ಅರ್ಹತಾ ಪರೀಕ್ಷೆಯೇ ಸಾಕು ಎಂದಾಯಿತು. ಈ ನಡುವೆ ಕಡ್ಡಾಯವೆಂದು ನಂಬಿ ಐದಾರು ವರ್ಷ ಸಂಶೋಧನೆಗೆ ಕೊಟ್ಟವರಿದ್ದಾರೆ. ಓದು ವ್ಯರ್ಥವಲ್ಲ, ವಯಸ್ಸು ಮಾತ್ರ ಆಯಿತು.

ದುಡ್ಡಿನ ಅಂತರವನ್ನು ಅಂಕಿಯಲ್ಲೇ ಹೇಳುವುದು ಒಳ್ಳೆಯದು. ಏಳನೆಯ ವೇತನ ಪರಿಷ್ಕರಣೆಯಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ಆರಂಭಿಕ ಮೂಲವೇತನ 57,700 ರೂಪಾಯಿ, ಅದರ ಮೇಲೆ ಭತ್ಯೆಗಳು. ಅತಿಥಿಗಳಿಗೆ ಒಂದು ಉಪನ್ಯಾಸಕ್ಕೆ 1,500ರಂತೆ ತಿಂಗಳಿಗೆ ಗರಿಷ್ಠ 50,000 ಕೊಡಬಹುದು ಎಂದು ಯುಜಿಸಿ 2019ರಲ್ಲಿ ಹೇಳಿತು. ಕರ್ನಾಟಕದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಆಗ ಸಿಗುತ್ತಿದ್ದದ್ದು 11,000 ಅಥವಾ 13,000. ದೀರ್ಘ ಮುಷ್ಕರದ ನಂತರ 2022ರ ಜನವರಿಯಲ್ಲಿ ಗೌರವಧನ ಅರ್ಹತೆ ಮತ್ತು ಅನುಭವಕ್ಕೆ ತಕ್ಕಂತೆ 26,000ದಿಂದ 32,000ಕ್ಕೆ ಏರಿತು, 2024ರಲ್ಲಿ ಮತ್ತೆ ಐದರಿಂದ ಎಂಟು ಸಾವಿರ ಸೇರಿತು. ಆದರೆ 2022ರ ಆದೇಶ ಒಬ್ಬ ಅತಿಥಿಯ ವಾರದ ಅವಧಿಯನ್ನು ಎಂಟು–ಹತ್ತು ಗಂಟೆಯಿಂದ 15ಕ್ಕೆ ಏರಿಸಿತ್ತು. ಇಬ್ಬರು ಮಾಡುತ್ತಿದ್ದ ಪಾಠ ಒಬ್ಬರಿಗೆ ಹೋಯಿತು. ಹತ್ತು ಗಂಟೆಯಷ್ಟೇ ಇದ್ದ ಸಣ್ಣ ವಿಷಯಗಳಿಗೆ ಪೆಟ್ಟು ಬಿದ್ದದ್ದು ಇಲ್ಲಿ; ಏರಿದ ಗೌರವಧನದ ಸುದ್ದಿ ಓದಿದ ದಿನವೇ ನಾವು ಗಂಟೆ ಎಣಿಸತೊಡಗಿದೆವು.

ತರಗತಿಯ ಒಳಗೆ ಏನು ನಡೆಯುತ್ತಿತ್ತು ಎಂಬುದನ್ನೂ ದಾಖಲಿಸಬೇಕು. ಸಿಲಬಸ್ಸಿನ ಒಂದು ಭಾಗ ವಿಮಾನ ಟಿಕೆಟ್ಟಿನದ್ದು: ನಗರಗಳ ಮೂರಕ್ಷರದ ಸಂಕೇತಗಳನ್ನು ಬಾಯಿಪಾಠ ಮಾಡಿಸಬೇಕು. ಮಂಡಕಳ್ಳಿಯ ನಮ್ಮ ನಿಲ್ದಾಣಕ್ಕೆ ಎಂ–ವೈ–ಕ್ಯೂ ಎಂದು ಬರೆಸಿದರೆ, ಕ್ಯೂ ಎಲ್ಲಿಂದ ಬಂತು ಸಾರ್ ಎಂದು ಪ್ರತಿ ವರ್ಷ ಒಬ್ಬರಾದರೂ ಕೇಳುತ್ತಿದ್ದರು. ಕಂಪ್ಯೂಟರಿನಲ್ಲಿ ಟಿಕೆಟ್ ಕಾದಿರಿಸುವ ತಂತ್ರಾಂಶದ ಆಜ್ಞೆಗಳನ್ನು ತಂತ್ರಾಂಶವಿಲ್ಲದೆ ಕಪ್ಪುಹಲಗೆಯ ಮೇಲೆ ಕಲಿಸುತ್ತಿದ್ದೆವು, ಈಜನ್ನು ದಡದ ಮೇಲೆ ಕಲಿಸಿದಂತೆ. ಅದೇ ಹೊತ್ತಿಗೆ ಮಕ್ಕಳ ಜೇಬಿನ ಫೋನಿನಲ್ಲಿ ಟಿಕೆಟ್ಟು ಎರಡು ನಿಮಿಷದ ಕೆಲಸವಾಗಿತ್ತು.

ಪಾಠ ಜೀವ ಪಡೆಯುತ್ತಿದ್ದದ್ದು ಪರಿಕಲ್ಪನೆಗಳು ಊರಿನ ನೆಲ ಮುಟ್ಟಿದಾಗ. ಒಂದು ಜಾಗ ಎಷ್ಟು ಜನರನ್ನು ತಾಳಿಕೊಳ್ಳಬಲ್ಲದು ಎಂಬುದಕ್ಕೆ ಧಾರಣ ಸಾಮರ್ಥ್ಯ ಎಂಬ ಪದ ಬರೆಸಿದರೆ ಮುಖಗಳು ಖಾಲಿ ಇರುತ್ತಿದ್ದವು. ಆಷಾಢ ಶುಕ್ರವಾರ ಚಾಮುಂಡಿ ಬೆಟ್ಟಕ್ಕೆ ಹೋಗಿದ್ದೀರಾ ಎಂದು ಕೇಳಿದರೆ ಇಡೀ ತರಗತಿ ಮಾತಾಡುತ್ತಿತ್ತು. ಋತುಮಾನದ ಪಾಠಕ್ಕೆ ರಂಗನತಿಟ್ಟು ಸಾಕು. ಮಳೆಗಾಲದಲ್ಲಿ ಕೆ.ಆರ್.ಎಸ್. ತುಂಬಿ ಗೇಟು ತೆಗೆದರೆ ಅಲ್ಲಿ ದೋಣಿ ನಿಲ್ಲುತ್ತದೆ, ಟಿಕೆಟ್ಟು ನಿಲ್ಲುತ್ತದೆ, ಎಳನೀರಿನವನ ವ್ಯಾಪಾರವೂ ನಿಲ್ಲುತ್ತದೆ. ಶ್ರೀರಂಗಪಟ್ಟಣದ ಕಡೆಯಿಂದ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು ಇದನ್ನು ನನಗಿಂತ ಚೆನ್ನಾಗಿ ವಿವರಿಸಿ, ಪರೀಕ್ಷೆಯಲ್ಲಿ ಮಾತ್ರ ಗೈಡಿನಿಂದ ಕಲಿತ ಸ್ವಿಟ್ಜರ್ಲೆಂಡಿನ ಉದಾಹರಣೆ ಬರೆದಳು. ಅಂಕ ಅದಕ್ಕೇ ಬರುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

2020ರ ಮಾರ್ಚಿನಲ್ಲಿ ಅರಮನೆಯ ಬಾಗಿಲು ಮುಚ್ಚಿದಾಗ ಈ ಕೋರ್ಸಿಗೆ ಮುಂದೆ ಭವಿಷ್ಯ ಇದೆಯಾ ಎಂದು ಪೋಷಕರು ಫೋನಿನಲ್ಲಿ ಕೇಳತೊಡಗಿದರು. ಮರುವರ್ಷ ರಾಜ್ಯದಲ್ಲಿ ನಾಲ್ಕು ವರ್ಷದ ಪದವಿಯ ಹೊಸ ಶಿಕ್ಷಣ ನೀತಿ ಜಾರಿಗೆ ಬಂದು, ಬೇರೆ ವಿಭಾಗದವರೂ ಆಯ್ದುಕೊಳ್ಳಬಹುದಾದ ಓಪನ್ ಎಲೆಕ್ಟಿವ್ ಪತ್ರಿಕೆಗಳಿಂದ ಗಂಟೆ ಕೂಡಿಸಿಕೊಳ್ಳುವ ಆಸೆ ಹುಟ್ಟಿತು. 2024ರ ಮೇ ತಿಂಗಳಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿಯನ್ನು ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ಪಠ್ಯಕ್ರಮ, ವೇಳಾಪಟ್ಟಿ, ಗಂಟೆಯ ಲೆಕ್ಕ ಎಲ್ಲವೂ ಮತ್ತೆ ಮೊದಲಿನಿಂದ.

ನನ್ನ ಕೊನೆಯ ತಂಡವನ್ನು ನಾನು ಸೋಮನಾಥಪುರಕ್ಕೆ ಕರೆದೊಯ್ದೆ. 1258ರ ಆ ದೇವಾಲಯ 2023ರ ಸೆಪ್ಟೆಂಬರಿನಲ್ಲಿ ಬೇಲೂರು, ಹಳೇಬೀಡುಗಳ ಜೊತೆ ವಿಶ್ವಪರಂಪರೆಯ ಪಟ್ಟಿಗೆ ಸೇರಿತ್ತು. ಬಾಗಿಲಲ್ಲಿ ಇಬ್ಬಿಬ್ಬರಂತೆ ಕೂತು, ಪ್ರತಿ ಗುಂಪು ಒಳಹೋದ ಹೊತ್ತು, ಹೊರಬಂದ ಹೊತ್ತು, ಬಂದ ಊರು, ಮುಂದೆ ಹೋಗುವ ಊರು ಬರೆದುಕೊಳ್ಳುವುದು ವಿದ್ಯಾರ್ಥಿಗಳ ಕೆಲಸವಾಗಿತ್ತು. ಶಾಲಾ ಪ್ರವಾಸದ ಮಕ್ಕಳನ್ನು ಮೇಷ್ಟ್ರೊಬ್ಬರು ‘ಬೇಗ ಬೇಗ, ಸಂಜೆ ಬೃಂದಾವನದ ಕಾರಂಜಿ ತಪ್ಪತ್ತೆ’ ಎಂದು ಜಗತಿಯಿಂದ ಇಳಿಸುತ್ತಿದ್ದರು. ‘ಮುಂದೆ ಹೋಗುವ ಊರು’ ಎಂಬಲ್ಲಿ ನಮ್ಮ ಹುಡುಗ ಕಾರಂಜಿ ಎಂದೇ ಬರೆದ. ಇನ್ನಿಬ್ಬರು ಗೋಡೆಯ ವಿಗ್ರಹವೊಂದರ ಕೆಳಗೆ ಶಿಲ್ಪಿ ಮಲ್ಲಿತಮ್ಮನ ಹೆಸರನ್ನು ಹುಡುಕಿ, ಅಕ್ಷರ ಕೂಡಿಸಿ ಓದಿ, ನನ್ನನ್ನು ಕೂಗಿ ಕರೆದರು. ಆ ಹಾಳೆಗಳನ್ನೆಲ್ಲ ಹೊಲಿದು ಫೈಲು ಮಾಡಿದೆವು. ನಮಗೆ ಬೀರು ಇರಲಿಲ್ಲ. ಇತಿಹಾಸ ವಿಭಾಗದ ಬೀರುವಿನ ಕೆಳಗಿನ ಅರೆಯಲ್ಲಿ ಜಾಗ ಮಾಡಿಕೊಟ್ಟರು. ಫೈಲಿನ ಬೆನ್ನಿನ ಮೇಲೆ ವಿಭಾಗದ ಹೆಸರು ಬರೆಯುವ ಚೌಕದಲ್ಲಿ ಅಟೆಂಡರ್ ಆಗಲೇ ಇತಿಹಾಸ ಎಂದು ಬರೆದಿದ್ದ. ನಾನು ಅದರ ಕೆಳಗೆ ಪೆನ್ಸಿಲಿನಲ್ಲಿ, ಸಣ್ಣ ಅಕ್ಷರದಲ್ಲಿ, ಪ್ರವಾಸೋದ್ಯಮ ಎಂದು ಸೇರಿಸಿ ಬಂದೆ.