ನಿಧಾನದ ಹಾಡೆಂದು ಮೋಸ ಹೋಗಬೇಡಿ

ಪ್ರಶ್ನೆ: ಮುಂದಿನ ತಿಂಗಳು ಆಫೀಸ್ ಕೆಲಸಕ್ಕೆ ಟೋಕಿಯೋಗೆ ಹೋಗುತ್ತಿದ್ದೇನೆ. ಅಲ್ಲಿನ ಟೀಮಿನ ಹುಡುಗಿಯರು ಊಟ ಆದ ಮೇಲೆ ಕರೋಕೆಗೆ ಹೋಗೋಣ ಅಂತ ಈಗಲೇ ಹೇಳಿಟ್ಟಿದ್ದಾರೆ. ಜಪಾನೀಸಿನ ಹಿರಗಾನ ಅಕ್ಷರ ಓದಲು ಬರುತ್ತೆ. ದನಿ ಸುಮಾರು. ನನ್ನಂಥ ಹುಡುಗಿಯರಿಗೆ ಸುಲಭವಾಗುವ ಜಪಾನೀಸ್ ಪಾಪ್ ಹಾಡು ಯಾವುದು? ನಿಧಾನದ್ದಾದರೆ ಒಳ್ಳೆಯದು.

ಉತ್ತರ: ಒಂದೆರಡು ಹೆಸರು ಬರೆದು ಮುಗಿಸಿಬಿಡೋಣ ಅಂದುಕೊಂಡಿದ್ದೆ. ಕೊನೆಯ ಸಾಲು ನೋಡಿ ಗಾಬರಿ ಆಯಿತು. ನಾನು ಬಿದ್ದಿದ್ದೂ ಅದೇ ಹಳ್ಳಕ್ಕೆ.

ಜಪಾನಿನಲ್ಲಿ ನನ್ನ ಮೊದಲ ವರ್ಷ ಅದು. ಆರು ಜನ ಒಂದು ಪುಟ್ಟ ಕೋಣೆ ಹೊಕ್ಕೆವು. ಗೋಡೆಗೆ ಒತ್ತಿ ಸೋಫಾ, ಎರಡು ಮೈಕು, ಮೇಜಿನ ಮೇಲೆ ಕೈಯಲ್ಲಿ ಹಿಡಿದು ಬಾರಿಸುವ ಒಂದು ಗಿಲಕಿ (ಟ್ಯಾಂಬೊರಿನ್). ಹಾಡು ಆರಿಸುವ ಟ್ಯಾಬ್ಲೆಟ್ ಕೈಯಿಂದ ಕೈಗೆ ಬಂತು. ಉತಾದಾ ಹಿಕಾರು ಅವರ 'ಫಸ್ಟ್ ಲವ್' ಒತ್ತಿದೆ. 1999ರ ಹಾಡು, ನಿಧಾನ, ಎಲ್ಲರಿಗೂ ಗೊತ್ತು, ಪಲ್ಲವಿಯಲ್ಲಿ ಇಂಗ್ಲಿಷೂ ಇದೆ. ಇನ್ನೇನು ಬೇಕು? ಆದರೆ ಶುರುವೇ ಪಿಸುಮಾತಿನ ಹಾಗೆ. ನನ್ನ ದನಿ ಹೊರಡಲೇ ಇಲ್ಲ. ಪಲ್ಲವಿಗೆ ಬಂದಾಗ ದನಿ ಕಳ್ಳ ಕಂಠಕ್ಕೆ, ಅಂದರೆ ತೆಳುವಾದ ಎತ್ತರದ ದನಿಗೆ, ನಯವಾಗಿ ಜಾರಬೇಕು. ನಾನು ಜಾರಲಿಲ್ಲ, ಧೊಪ್ಪೆಂದು ಬಿದ್ದೆ. ಮಷೀನು ನೂರಕ್ಕೆ 63 ಕೊಟ್ಟಿತು. ಪಾಪ, ಗೆಳತಿಯರು ಗಿಲಕಿಯನ್ನು ಇನ್ನೂ ಜೋರಾಗಿ ಬಾರಿಸಿದರು.

ನಿಧಾನದ ಹಾಡಿನಲ್ಲಿ ಒಂದೊಂದು ಸ್ವರವನ್ನೂ ಎಳೆದು ನಿಲ್ಲಿಸಬೇಕು. ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಕೇಳುತ್ತದೆ. ನಡುವೇಗದ ಹಾಡಿನಲ್ಲಿ ಸ್ವರ ತಪ್ಪುವಷ್ಟರಲ್ಲಿ ಸಾಲೇ ಮುಂದೆ ಹೋಗಿರುತ್ತದೆ, ಯಾರಿಗೂ ಗೊತ್ತಾಗಲ್ಲ.

ಹಾಗಂತ ತೀರಾ ಓಡುವ ಹಾಡೂ ಬೇಡ. ಯೊಆಸೊಬಿ ತಂಡದ 'ಯೊರು ನಿ ಕಕೆರು' 2019ರ ಕೊನೆಗೆ ಬಂದದ್ದು, ಎಲ್ಲರ ಬಾಯಲ್ಲೂ ಇದೆ. ಅದನ್ನು ಕಟ್ಟಿದ ಅಯಾಸೆ, ಕಂಪ್ಯೂಟರ್ ದನಿಗೆ ಹಾಡು ಬರೆದು ಪಳಗಿದವರು. ಕಂಪ್ಯೂಟರಿಗೆ ಉಸಿರು ಬೇಕಿಲ್ಲ, ನಮಗೆ ಬೇಕಲ್ವಾ? ಸಾಲಿಗೆ ಸಾಲು ಅಂಟಿಕೊಂಡೇ ಬರುತ್ತದೆ. ಕೊನೆಗೆ ಶ್ರುತಿಯೇ ಬದಲಾಗುತ್ತದೆ. ಬೇರೆಯವರು ಹಾಡಿದರೆ ಚಪ್ಪಾಳೆ ತಟ್ಟಿ.

ಹಾಗಾದರೆ ಸುಲಭ ಅನ್ನುವುದು ಯಾವುದನ್ನು? ನಾನು ಮೊದಲು ನೋಡುವುದು ಪಲ್ಲವಿಯ ತುತ್ತತುದಿಯ ಸ್ವರ. ಜಪಾನಿನಲ್ಲಿ ಹಾಡಿನ ಆ ಭಾಗಕ್ಕೆ 'ಸಾಬಿ' ಅನ್ನುತ್ತಾರೆ. ಪಾತ್ರೆ ತೊಳೆಯುವಾಗ, ಮಾತಾಡುವಷ್ಟೇ ಜೋರಿನಲ್ಲಿ ಸಾಬಿ ಗುನುಗಿ ನೋಡಿ. ಗದ್ದ ತಾನಾಗಿ ಮೇಲೆದ್ದರೆ ಆ ಹಾಡು ನಿಮಗೆ ಎತ್ತರ. ಆಮೇಲೆ ಶುರುವಿನ ಸಾಲು ನೋಡಿ. ಅಲ್ಲಿ ದನಿ ಗಂಟಲ ತಳದಲ್ಲಿ ಸತ್ತುಹೋದರೆ ತೀರಾ ತಗ್ಗು. ಎರಡೂ ಕಡೆ ಪಾಸಾದ ಹಾಡು ಮುಕ್ಕಾಲು ಗೆದ್ದ ಹಾಗೆ.

ಒಂದೇ ಕಡೆ ಫೇಲಾದರೆ ಹಾಡು ಬಿಡಬೇಕಾಗಿಲ್ಲ. ಡ್ಯಾಮ್, ಜಾಯ್‌ಸೌಂಡ್ ಅಂತ ಅಲ್ಲಿ ಎರಡು ದೊಡ್ಡ ಬ್ರಾಂಡಿನ ಕರೋಕೆ ಮಷೀನುಗಳಿವೆ. ಎರಡರಲ್ಲೂ ಕೀ, ಅಂದರೆ ಹಾಡಿನ ಶ್ರುತಿ, ಏರಿಸುವ, ಇಳಿಸುವ ಬಟನ್ ಇದೆ. ಒಂದು ಸಲ ಒತ್ತಿದರೆ ಅರ್ಧ ಸ್ವರ. ಎರಡು ಮೂರು ಸಲ ಒತ್ತಿದರೆ ಸಾಕು, ಹಾಡು ನಿಮ್ಮ ಅಳತೆಗೆ ಬರುತ್ತದೆ. ಇದೇನೂ ಮೋಸವಲ್ಲ. ಕರೋಕೆ ಹುಟ್ಟು ಹಾಕಿದವರಲ್ಲಿ ಒಬ್ಬರಾದ ಇನೌಎ ದಾಯ್ಸುಕೆ ಕೋಬೆ ಊರಿನ ಬಾರುಗಳಲ್ಲಿ ವಾದ್ಯ ನುಡಿಸುತ್ತಿದ್ದವರು. ಅವರ ಪಕ್ಕವಾದ್ಯ ಇಲ್ಲದೆ ಹಾಡಲಾಗದ ಗಿರಾಕಿಯೊಬ್ಬರು ಪ್ರವಾಸ ಹೊರಟಾಗ, ಆ ಗಿರಾಕಿಯ ದನಿಗೆ ಹೊಂದುವಂತೆ ನುಡಿಸಿ ಟೇಪ್ ಮಾಡಿಕೊಟ್ಟರಂತೆ. 1971ರಲ್ಲಿ ಬಂದ ಅವರ ಮಷೀನಿನ ಹಿಂದಿನ ಕತೆ ಇದು. ಹಾಡು ನಮ್ಮ ಕಡೆ ಬಾಗಬೇಕು ಅನ್ನುವುದೇ ಕರೋಕೆ.

ಈಗ ಹೆಸರುಗಳು. ನನ್ನ ಮೊದಲ ಆಯ್ಕೆ ಪಫಿ ಜೋಡಿಯ 'ಅಜಿಯಾ ನೊ ಜುನ್‌ಶಿನ್', 1996ರದ್ದು. ಇಬ್ಬರು ಹುಡುಗಿಯರು ಬಹುಪಾಲು ಒಂದೇ ಧಾಟಿಯನ್ನು ಒಟ್ಟಿಗೆ, ಯಾವ ಬಳುಕೂ ಇಲ್ಲದೆ, ಬೀದಿಯಲ್ಲಿ ಹಾಡಿಕೊಂಡು ಹೋಗುವ ಹಾಗೆ ಹಾಡುತ್ತಾರೆ. ಶುರುವಿಗೇ ಊರು, ದೇಶಗಳ ಹೆಸರು ಒಂದರ ಹಿಂದೆ ಒಂದು ಬರುತ್ತವೆ. ಅರ್ಥ ಹುಡುಕಿದರೆ ಸಿಗುವುದು ಕಷ್ಟ, ಹಾಗಾಗಿ ಭಾವ ತುಂಬುವ ಗೋಜಿಲ್ಲ. ಎರಡನೇ ಮೈಕು ಪಕ್ಕದವಳ ಕೈಗೆ ಕೊಟ್ಟುಬಿಡಿ. ಅರ್ಧ ಭಯ ಅಲ್ಲೇ ಹೋಗುತ್ತದೆ.

ಒಬ್ಬಳೇ ಹಾಡಬೇಕು ಅಂದರೆ ಐಮ್ಯೋನ್ ಅವರ 'ಮರಿಗೋಲ್ಡ್' (2018). ಅವರ ದನಿ ಸ್ವಲ್ಪ ತಗ್ಗಿನದು, ಕಿರುಚಾಟವಿಲ್ಲ. ಮಾತಾಡುವ ದನಿಯಲ್ಲೇ ಬಹುಪಾಲು ಹಾಡು ಸಾಗುತ್ತದೆ.

ನಿಧಾನದ್ದೇ ಬೇಕು ಅಂತ ಹಟ ಇದ್ದರೆ ಒಂದೇ ಒಂದು ಹೇಳುತ್ತೇನೆ: ಒಕಿನಾವಾದ ಇಬ್ಬರು ಗೆಳತಿಯರ ಕಿರೋರೊ ತಂಡ 1998ರಲ್ಲಿ ಹಾಡಿದ 'ಮಿರಾಯ್ ಎ'. ತಾಯಿಯನ್ನು ನೆನೆಯುವ ಹಾಡು. ಶುರುವಾಗುವುದೇ ಸಾಬಿಯಿಂದ, ಅದೇ ಧಾಟಿ ಮತ್ತೆ ಮತ್ತೆ ಬರುತ್ತದೆ. ಸಾಲುಗಳ ನಡುವೆ ಉಸಿರಿಗೆ ಜಾಗ ಇದೆ. ಇದೇ ಧಾಟಿ ಚೀನೀ ಭಾಷೆಯಲ್ಲೂ ಬಹಳ ಹೆಸರುವಾಸಿ. ಕೋಣೆಯಲ್ಲಿ ಚೀನಾ, ತೈವಾನ್ ಕಡೆಯವರಿದ್ದರೆ ತಮ್ಮ ಭಾಷೆಯಲ್ಲಿ ದನಿಗೂಡಿಸುತ್ತಾರೆ.

ಜೊತೆಗೆ ಮ್ಯಾನೇಜರ್ ವಯಸ್ಸಿನವರೂ ಬಂದಿದ್ದರೆ ಸಾಕಾಮೊತೊ ಕ್ಯೂ ಅವರ 'ಉಎ ಒ ಮುಯಿತೆ ಅರುಕೋ' ಇಟ್ಟುಕೊಳ್ಳಿ. 1961ರ ಹಾಡು, 1963ರಲ್ಲಿ ಅಮೆರಿಕದ ಪಟ್ಟಿಯಲ್ಲೂ ಮೊದಲ ಸ್ಥಾನಕ್ಕೆ ಏರಿತ್ತು. ಗಂಡು ದನಿಯದಾದ್ದರಿಂದ ಕೀ ನೋಡಿಕೊಳ್ಳಿ. ಚಿಕ್ಕಂದಿನಲ್ಲಿ ಸಂಗೀತದ ಪಾಠಕ್ಕೆ ಹೋಗಿದ್ದರೆ ನಿಮಗೊಂದು ಲಾಭ ಇದೆ. ಅದರ ಧಾಟಿಯ ಬಹುಪಾಲು ಮಧ್ಯಮ, ನಿಷಾದ ಬಿಟ್ಟ ಐದು ಸ್ವರಗಳಲ್ಲೇ ಓಡಾಡುತ್ತದೆ. ನಮ್ಮ ಮೋಹನದ ಸ್ವರಗಳು! ಮೊದಲ ಸಲ ಕೇಳಿದಾಗ ಕಿವಿ ತಾನಾಗಿಯೇ ಮುಂದಿನ ಸ್ವರ ಊಹಿಸಿತ್ತು.

ಮಾತಿನ ವಿಷಯದಲ್ಲಿ ಕನ್ನಡದವರು ಹೆದರಬೇಕಾಗಿಲ್ಲ. ಹೈಸ್ಕೂಲಿನಲ್ಲಿ ಲಘು ಗುರು ಹಾಕಿ ಮಾತ್ರೆ ಎಣಿಸಿದ್ದು ನೆನಪಿದೆಯಾ? ಜಪಾನೀಸ್ ನಡೆಯುವುದು ಅದೇ ಲೆಕ್ಕದಲ್ಲಿ. 'ಟೋಕ್ಯೋ' ಅನ್ನಲು ನಾಲ್ಕು ಮಾತ್ರೆ, ಎರಡು ಗುರು. 'ಸೆನ್ಸೇ' ಕೂಡ ನಾಲ್ಕು. 'ಕಿತೆ' ಎರಡು, 'ಕಿತ್ತೆ' ಮೂರು. ಎಷ್ಟೋ ಹಾಡುಗಳಲ್ಲಿ ಒಂದು ಮಾತ್ರೆಗೆ ಒಂದು ಸ್ವರ. ಬರೀ 'ನ್' ಅನ್ನುವ ಅಕ್ಷರಕ್ಕೂ ಅದರದೇ ಸ್ವರ ಸಿಗುವುದುಂಟು. ಅದನ್ನು ನುಂಗಿದರೆ ಸಾಲಿಡೀ ಒಂದು ಹೆಜ್ಜೆ ಮುಂದೆ ಓಡಿಬಿಡುತ್ತದೆ. ನನ್ನ ಹಾಡು ತಪ್ಪುತ್ತಿದ್ದುದು ಬಹಳ ಸಲ ಇಲ್ಲೇ.

ಪರದೆಯ ಮೇಲೆ ಕಾಂಜಿಯ (ಚೀನೀ ಮೂಲದ ಅಕ್ಷರಗಳ) ತಲೆ ಮೇಲೆ ಚಿಕ್ಕದಾಗಿ ಹಿರಗಾನ ಬರುತ್ತದೆ, ಸರಿ. ಆದರೆ ಅಕ್ಷರಕ್ಕೆ ಬಣ್ಣ ತುಂಬುತ್ತಾ ಹೋಗುವ ವೇಗಕ್ಕೆ ಹೊಸಬರ ಕಣ್ಣು ಓಡಲ್ಲ. ಸಾಬಿಯನ್ನಾದರೂ ಬಾಯಿಪಾಠ ಮಾಡಿ. ಹಾಡಿನ ಪದಗಳನ್ನು ಕನ್ನಡ ಲಿಪಿಯಲ್ಲಿ ಚೀಟಿಗೆ ಬರೆದುಕೊಂಡರೆ ಇಂಗ್ಲಿಷ್ ಅಕ್ಷರಕ್ಕಿಂತ ಎಷ್ಟೋ ವಾಸಿ. ದೀರ್ಘ, ಒತ್ತು ಎರಡೂ ಕಣ್ಣಿಗೆ ಕಾಣುತ್ತವೆ.

ಆ ಚೀಟಿಯನ್ನು ಮೊಬೈಲ್ ಕವರಿನ ಹಿಂದೆ ಸಿಕ್ಕಿಸಿಕೊಳ್ಳಿ. ಮೊದಲ ಹಾಡು ನಿಮ್ಮದಾಗದಂತೆ ನೋಡಿಕೊಳ್ಳಿ, ಮೂರನೆಯದೋ ನಾಲ್ಕನೆಯದೋ ಇರಲಿ. ಮತ್ತೆ, ಅಂಕ ಕೊಡುವ ಆಯ್ಕೆಯನ್ನು ಯಾರೂ ನೋಡದಾಗ ಸುಮ್ನೆ ಆಫ್ ಮಾಡಿಬಿಡಿ.