ಮೂಳೆಯ ಸುಣ್ಣ ಕರಗಿತೋ ಇಲ್ಲವೋ?

ಸೂಕ್ಷ್ಮದರ್ಶಕದಲ್ಲಿ ನೋಡಲು ಬಣ್ಣ ಹಾಕಿದ ಸ್ಲೈಡ್ ಪೂರ್ತಿ ಗುಲಾಬಿ, ನ್ಯೂಕ್ಲಿಯಸ್ಸಿನ ನೀಲಿ ಎಲ್ಲೂ ಇಲ್ಲ. ಹೀಗಾದಾಗ ಮೊದಲು ದೂರು ಹೋಗುವುದು ನೀಲಿ ಬಣ್ಣ ಕೊಡುವ ಹೆಮಟಾಕ್ಸಿಲಿನ್ ಮೇಲೆ. ತುಂಡು ಮೂಳೆಯದ್ದಾದರೆ ತಪ್ಪು ಬಹುತೇಕ ಮೂಳೆಯ ಸುಣ್ಣ (ಕ್ಯಾಲ್ಸಿಯಂ) ಕರಗಿಸುವ ಡಿಕ್ಯಾಲ್ಸಿಫಿಕೇಶನ್ ಬಾಟಲಿಯಲ್ಲೇ ಆಗಿರುತ್ತದೆ. ಸುಣ್ಣ ಕರಗಿದ ಮೇಲೂ ಅಲ್ಲೇ ಬಿಟ್ಟರೆ ಆಮ್ಲ ಡಿಎನ್‌ಎಯನ್ನು ಒಡೆಯುತ್ತದೆ. ಆಮೇಲೆ ನೀಲಿ ಹಿಡಿಯುವುದಿಲ್ಲ.

ಇನ್ನೊಂದು ತಪ್ಪು, ಅಂಗಾಂಶ ಕೆಡದಂತೆ ಕಾಪಾಡುವ ಫಿಕ್ಸೇಶನ್‌ನಲ್ಲಿ ಅವಸರ. ಸರಿಯಾಗಿ ಫಿಕ್ಸ್ ಆಗದ ಅಂಗಾಂಶ ಆಮ್ಲದಲ್ಲಿ ಊದಿಕೊಂಡು ಕೆಡುತ್ತದೆ. 3ರಿಂದ 5 ಮಿ.ಮೀ. ದಪ್ಪಕ್ಕೆ ಕೊಯ್ದು, 10% ನ್ಯೂಟ್ರಲ್ ಬಫರ್ಡ್ ಫಾರ್ಮಲಿನ್‌ನಲ್ಲಿ ಒಂದೆರಡು ದಿನ ಇಟ್ಟು, ಚೆನ್ನಾಗಿ ತೊಳೆದೇ ಮುಂದುವರಿಯಬೇಕು. ತೊಳೆಯದೆ ಉಳಿದ ಫಾರ್ಮಲಿನ್ ಹೈಡ್ರೋಕ್ಲೋರಿಕ್ ಆಮ್ಲದ ಜೊತೆ ಸೇರಿದರೆ ಕ್ಯಾನ್ಸರ್‌ಕಾರಕ ಬಿಸ್‌ಕ್ಲೋರೋಮೀಥೈಲ್ ಈಥರ್ ಹುಟ್ಟಬಹುದು.

ದಿನನಿತ್ಯದ ಕೆಲಸಕ್ಕೆ 5–10% ಫಾರ್ಮಿಕ್ ಆಮ್ಲವೇ ನನ್ನ ಆಯ್ಕೆ. 5% ನೈಟ್ರಿಕ್ ಬೇಗ ಮುಗಿಸುತ್ತದೆ, ಆದರೆ ಒಂದೆರಡು ದಿನ ದಾಟಿದರೆ ಬಣ್ಣ ಹೋಗುತ್ತದೆ. ಫಿಶ್ ಅಥವಾ ಪಿಸಿಆರ್‌ನಂಥ ಡಿಎನ್‌ಎ ಪರೀಕ್ಷೆ ಬೇಕಾಗಬಹುದು ಎಂಬ ಸಂಶಯವಿದ್ದರೂ ಸಾಕು, ಆಮ್ಲದ ಬದಲು, ಕ್ಯಾಲ್ಸಿಯಂ ಅನ್ನು ಹಿಡಿದುಕೊಳ್ಳುವ 14% ಇಡಿಟಿಎಗೆ ಹಾಕಿ; ಪಿಎಚ್ 7.2ರ ಆಸುಪಾಸು ಇರಲಿ. ಇದರಲ್ಲಿ ಗಟ್ಟಿ ಮೂಳೆಗೆ ವಾರಗಳೇ ಹಿಡಿಯುತ್ತವೆ. ಯಾವ ದ್ರವವಾದರೂ ತುಂಡಿನ ಇಪ್ಪತ್ತು ಪಟ್ಟು ಇರಬೇಕು. ತುಂಡು ತಳಕ್ಕೆ ಅಂಟದಂತೆ ಗಾಜ್ ಬಟ್ಟೆಯಲ್ಲಿ ಕಟ್ಟಿ ತೂಗುಬಿಡಿ, ದಿನಕ್ಕೊಮ್ಮೆ ದ್ರವ ಬದಲಿಸಿ. ಬೇಗ ಆಗಲೆಂದು ಬಿಸಿ ಮಾಡುವುದು ಬೇಡ.

ಮುಗಿದಿದೆಯೇ ಎಂದು ಸೂಜಿ ಚುಚ್ಚಿ ನೋಡುವ ಅಭ್ಯಾಸ ಇನ್ನೂ ಹೋಗಿಲ್ಲ. ಚುಚ್ಚಿದ ತೂತು ಸ್ಲೈಡಿಗೆಂದು ಕೊಯ್ದ ತೆಳು ಪದರದಲ್ಲಿ, ಅಂದರೆ ಸೆಕ್ಷನ್‌ನಲ್ಲಿ ಕಾಣುತ್ತದೆ, ಸಣ್ಣ ಸುಣ್ಣದ ಕಣವಂತೂ ಸೂಜಿಗೆ ಸಿಗುವುದೇ ಇಲ್ಲ. ಎಕ್ಸ್‌ರೇ ಇದ್ದರೆ ಅದೇ ಉತ್ತಮ. ಇಲ್ಲದಿದ್ದರೆ ಆಕ್ಸಲೇಟ್ ಪರೀಕ್ಷೆ: ತುಂಡು ಆರೇಳು ಗಂಟೆ ಇದ್ದ ಆಮ್ಲದಿಂದ 5 ಮಿ.ಲೀ. ತೆಗೆದು, ಲಿಟ್ಮಸ್ ತುಸು ನೀಲಿಗೆ ತಿರುಗುವವರೆಗೆ ಅಮೋನಿಯಾ ಹನಿಸಿ. ಆಗಲೇ ಕದಡಿದರೆ ಸುಣ್ಣ ಇನ್ನೂ ಬಹಳ ಉಳಿದಿದೆ. ತಿಳಿಯಾಗಿದ್ದರೆ 5 ಮಿ.ಲೀ. ಸಂತೃಪ್ತ ಅಮೋನಿಯಂ ಆಕ್ಸಲೇಟ್ ಸೇರಿಸಿ ಅರ್ಧ ಗಂಟೆ ಕಾಯಿರಿ. ಹಾಲಿನಂತೆ ಮಸುಕಾದರೆ ಹೊಸ ದ್ರವ, ಮತ್ತೆ ಪರೀಕ್ಷೆ. ಎರಡು ಸಲ ಸತತ ತಿಳಿಯಾಗಿಯೇ ಉಳಿದರೆ ತುಂಡನ್ನು ಹೊರತೆಗೆದು ಹರಿಯುವ ನೀರಿನಲ್ಲಿ ತೊಳೆಯಿರಿ. ಈ ಪರೀಕ್ಷೆ ಇಡಿಟಿಎಗೆ ಹೀಗೇ ನಡೆಯದು. ಅದು ಕ್ಯಾಲ್ಸಿಯಂ ಅನ್ನು ಬಿಗಿಯಾಗಿ ಹಿಡಿದಿಟ್ಟುಕೊಳ್ಳುತ್ತದೆ.

ಸೆಕ್ಷನ್ ಕೊಯ್ಯುವ ಯಂತ್ರವಾದ ಮೈಕ್ರೋಟೋಮ್ ಮೇಲೆ ಬ್ಲೇಡ್ ಕರಕರ ಎಂದರೆ, ಮೇಣದಲ್ಲಿ ಕೂರಿಸಿದ ತುಂಡಿನ (ಬ್ಲಾಕ್) ಮುಖವನ್ನು 1% ಹೈಡ್ರೋಕ್ಲೋರಿಕ್ ಆಮ್ಲದಲ್ಲಿ 15ರಿಂದ 60 ನಿಮಿಷ ಅದ್ದಿಟ್ಟು ತೊಳೆಯಿರಿ. ಮೆತ್ತಗಾಗುವುದು ಮೇಲಿನ ಸುಮಾರು 30 ಮೈಕ್ರಾನ್ ಮಾತ್ರ. ಹಾಗಾಗಿ ಬ್ಲಾಕನ್ನು ಮೊದಲಿದ್ದ ಕೋನದಲ್ಲೇ ಕೂರಿಸಿ, ಟ್ರಿಮ್ ಮಾಡದೆ (ಮೇಲ್ಪದರ ಕೊಯ್ದು ಬಿಸಾಡದೆ), ಬರುವ ಮೊದಲ ಸೆಕ್ಷನ್ನನ್ನೇ ಎತ್ತಿಕೊಳ್ಳಿ.